ಮೇಲಕ್ಕೆ ಸ್ಪ್ಯಾನಿಷ್, ಕೆಳಕ್ಕೆ ಸೈರನ್

ಸ್ಪ್ಯಾನಿಷ್ ಭಾಷೆಯಲ್ಲಿ ಒಂದು ಚೆಂದದ ಮಾತಿದೆ: 'ಸೆ ರುಯೇಗಾ ಪುಂತುವಾಲಿದಾದ್'. ಆಮಂತ್ರಣ ಪತ್ರಿಕೆಗಳ ಕೆಳಗೆ ಅಚ್ಚು ಹಾಕಿಸುವ ಸಾಲು. 'ಹೊತ್ತಿಗೆ ಸರಿಯಾಗಿ ಬರಬೇಕಾಗಿ ಪ್ರಾರ್ಥನೆ' ಅಂತ ಅರ್ಥ. ಪ್ರಾರ್ಥಿಸ್ತಾ ಇರೋದು ಯಾರು, ಯಾರನ್ನು, ಎರಡೂ ಆ ವಾಕ್ಯದಲ್ಲಿಲ್ಲ. ಹಾಗಾಗಿ ಯಾರಿಗೂ ಚುಚ್ಚೋದಿಲ್ಲ. ಇನ್ನೂ ಮೆತ್ತಗೆ ಬೇಕಾದರೆ 'ಸೆ ಅಗ್ರಾದೇಸೆ ಲಾ ಪುಂತುವಾಲಿದಾದ್', ಸಮಯಕ್ಕೆ ಬಂದರೆ ಉಪಕಾರ. ಒಬ್ಬರೇ ದೊಡ್ಡವರಿಗೆ ಹೇಳೋದಾದರೆ 'ಮೆ ಬೆಂದ್ರಿಯಾ ಮುಯ್ ಬಿಯೆನ್ ಕೆ ಯೆಗಾರಾ ಅ ಲಾಸ್ ನುಯೆಬೆ'. ತಾವು ಒಂಬತ್ತಕ್ಕೆ ಬಂದರೆ ನನಗೆ ತುಂಬಾ ಅನುಕೂಲ ಆಗ್ತಿತ್ತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿದೆ, ಅಲ್ವಾ?

ಮೆಕ್ಸಿಕೋ, ಸ್ಪೇನ್ ಕಡೆ ಕ್ಲೈಂಟ್ ಇರುವ ಐಟಿ ತಂಡಗಳಿಗೆ ಇಂಥ ಮಾತು ಕಲಿಸೋಕೆ ಅಂತಲೇ ತರಬೇತಿ ಇಡ್ತಾರೆ. ನಾನೂ ಕೂತು ಕಲಿತಿದ್ದೀನಿ. ಮೆಕ್ಸಿಕೋ ಸಿಟಿಯಲ್ಲಿ ಬೆಳಗ್ಗೆ ಒಂಬತ್ತು ಅಂದ್ರೆ ನಮಗೆ ರಾತ್ರಿ ಎಂಟೂವರೆ. ಅಲ್ಲಿನ ಮ್ಯಾನೇಜರ್ ಒಂಬತ್ತು ಇಪ್ಪತ್ತಕ್ಕೆ ಕಾಫಿ ಕಪ್ಪು ಹಿಡ್ಕೊಂಡು ಕ್ಯಾಮೆರಾ ಆನ್ ಮಾಡುವಾಗ, ವೈಟ್‌ಫೀಲ್ಡಿನಲ್ಲಿ ಎಂಟು ಜನ ಇಪ್ಪತ್ತು ನಿಮಿಷದಿಂದ ಖಾಲಿ ಸ್ಕ್ರೀನ್ ನೋಡ್ತಾ ಕೂತಿರ್ತಾರೆ. ಅವರಿಗೆ ಬೇಜಾರಾಗದ ಹಾಗೆ 'ಸ್ವಲ್ಪ ಬೇಗ ಬನ್ನಿ ಸ್ವಾಮಿ' ಅನ್ನೋದು ಹೇಗೆ? ಅದಕ್ಕೇ ಈ ಪಾಠ. ಅದರಲ್ಲಿ ತಪ್ಪೇನಿಲ್ಲ. ಮರ್ಯಾದೆಯನ್ನು ಯಾವ ಭಾಷೆಯಲ್ಲಿ ಕಲಿತರೂ ಒಳ್ಳೇದೇ.

ನನ್ನ ತಕರಾರು ಇರೋದು, ಈ ಮರ್ಯಾದೆ ಯಾವ ದಿಕ್ಕಿಗೆ ಹರಿಯುತ್ತೆ ಅನ್ನೋದರ ಬಗ್ಗೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗಿಗೆ ಬರ್ತಿದ್ದ ಹೆಂಗಸರಲ್ಲಿ ಕೆಲವರು ಕೆಜಿಎಫ್ ಕಡೆಯವರು. ದಿನಾ ರೈಲಲ್ಲಿ ಬಂದು ಹೋಗೋರು. ರೈಲು ತಡವಾದ ದಿನ ಏಜೆನ್ಸಿಯ ಸೂಪರ್‌ವೈಸರ್ ಬಾಯಲ್ಲಿ ಬರ್ತಿದ್ದ ಮಾತು: 'ಏನಮ್ಮಾ, ನಿಮ್ಮಪ್ಪನ ಮನೆ ಅನ್ಕೊಂಡಿದ್ದೀಯಾ ಇದನ್ನ?' ಜೊತೆಗೆ ಅರ್ಧ ದಿನದ ಸಂಬಳ ಕಟ್. ಅದೇ ಫ್ಲೋರಿನಲ್ಲಿ, ಹತ್ತು ಅಡಿ ದೂರದಲ್ಲಿ, ನಾವು ಮೆಕ್ಸಿಕೋದವರಿಗೆ ಕಳಿಸುವ ಈಮೇಲಿನಲ್ಲಿ 'ಬಂದರೆ' ಚೆನ್ನಾಗಿದೆಯಾ 'ಬರೋ ಹಾಗಿದ್ದರೆ' ಚೆನ್ನಾಗಿದೆಯಾ ಅಂತ ಚರ್ಚೆ ಮಾಡ್ತಾ ಇದ್ದೆವು. ಇಪ್ಪತ್ತು ನಿಮಿಷ ತಡವಾದ ಇಬ್ಬರಲ್ಲಿ ಒಬ್ಬರಿಗೆ ವ್ಯಾಕರಣದ ಸೇವೆ, ಇನ್ನೊಬ್ಬರಿಗೆ ಅಪ್ಪನ ಹೆಸರಿನ ಸೇವೆ.

'ನಮ್ಮ ಭಾಷೆಗಳಲ್ಲಿ ಅಷ್ಟು ನಾಜೂಕಿಲ್ಲ ಬಿಡಿ' ಅಂತ ಯಾರಾದರೂ ಅಂದರೆ ಅವರನ್ನ ಒಂದು ಸಲ ಬಂಗಾರಪೇಟೆ ಜಂಕ್ಷನ್‌ಗೆ ಕರ್ಕೊಂಡು ಹೋಗಬೇಕು. ಕನ್ನಡದಲ್ಲಿ 'ಬಾ' ಇದೆ, 'ಬಾಪ್ಪ' ಇದೆ, 'ಬನ್ನಿ' ಇದೆ, 'ಬರ್ಬೇಕು' ಇದೆ, 'ಬರೋಕಾಗುತ್ತಾ ನೋಡಿ' ಇದೆ, 'ದಯಮಾಡಿಸಬೇಕು' ಇದೆ. 'ನಿಮ್ಮನ್ನೇ ಕಾಯ್ತಾ ಇರ್ತೀವಿ' ಅನ್ನೋ ಒಂದು ಮಾತು ಸಾಕು, ಬೇಗ ಬನ್ನಿ ಅಂತ ಹೇಳದೇನೇ ಬೇಗ ಬರುವಂತೆ ಮಾಡೋಕೆ. ನಮ್ಮ ಕೋಲಾರದ ಹಳ್ಳಿಗಳಲ್ಲಿ 'ಬಿರ್ನೆ ಬಾರಣ್ಣ' ಅಂತಾರೆ. ಅದರಲ್ಲಿ ಅವಸರವೂ ಇದೆ, ಅಣ್ಣನೂ ಇದ್ದಾನೆ. ಅದೇ ಪ್ಲಾಟ್‌ಫಾರ್ಮಿನಲ್ಲಿ ತೆಲುಗಿನಲ್ಲಿ 'ಕೊಂಚೆಂ ತ್ವರಗಾ ರಂಡಿ', ತಮಿಳಿನಲ್ಲಿ 'ಕೊಂಜಂ ಸೀಕ್ರಂ ವಾಂಗ', ದಖ್ಖನಿಯಲ್ಲಿ 'ಜರಾ ಜಲ್ದಿ ಆಓ ಭಾಯಿ' ಕೇಳಿಸುತ್ತೆ. ಅಲ್ಲಿನ ಒಬ್ಬ ಸಾಮಾನ್ಯ ಟೀ ಮಾರುವವನಿಗೆ 'ಬೇಗ' ಅನ್ನೋದನ್ನ ನಾಲ್ಕು ಭಾಷೆಯಲ್ಲಿ ಮರ್ಯಾದೆಯಾಗಿ ಹೇಳೋಕೆ ಬರುತ್ತೆ. ತರಬೇತಿ ಯಾರೂ ಕೊಟ್ಟಿಲ್ಲ, ಸರ್ಟಿಫಿಕೇಟೂ ಇಲ್ಲ.

ಸ್ಪ್ಯಾನಿಷಿನ ಆ 'ಯೆಗಾರಾ' ಏನು ಮಾಡುತ್ತೋ ಅದನ್ನೇ 'ಬಂದ್ರೆ ಅನುಕೂಲ ಆಗ್ತಿತ್ತು' ಅನ್ನೋ ಕನ್ನಡ ಮಾಡುತ್ತೆ. ಆಜ್ಞೆಯನ್ನ ಆಸೆ ಮಾಡುತ್ತೆ. ಅವರ 'ತೂ' ಮತ್ತು 'ಉಸ್ತೆದ್' ನಮ್ಮ ನೀನು ಮತ್ತು ನೀವು. ಅಂದ್ರೆ ನಮ್ಮ ಹತ್ತಿರ ಸಾಮಾನೆಲ್ಲ ಇದೆ. ರೇಷನ್ ಮಾಡ್ತಾ ಇದ್ದೀವಿ ಅಷ್ಟೇ. ಸಂಬಳದ ಚೀಟಿ ನೋಡಿ 'ನ್ನಿ' ಹಚ್ಚೋದಾ ಬಿಡೋದಾ ಅಂತ ತೀರ್ಮಾನ ಮಾಡ್ತೀವಿ.

ಈ ರೇಷನ್ನಿಗೆ ನಮ್ಮ ಊರ ಕಡೆ ದೊಡ್ಡ ಇತಿಹಾಸವೇ ಇದೆ.

2018ರಲ್ಲಿ ಬಂದ ಸಿನಿಮಾ ನೋಡಿ ಕೆಜಿಎಫ್ ಅಂದ್ರೆ ಸುತ್ತಿಗೆ, ಬಂದೂಕು, ಹಿನ್ನೆಲೆ ಸಂಗೀತ ಅಂದ್ಕೊಂಡಿರೋ ಗೆಳೆಯರು ನನಗೂ ಇದ್ದಾರೆ. ಅಸಲಿ ಕೆಜಿಎಫ್‌ನಲ್ಲಿ ಜನರನ್ನು ಆಳಿದ್ದು ಗಡಿಯಾರ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ ಇಲ್ಲಿನ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. ಕೊನೆಕೊನೆಗೆ ಚಾಂಪಿಯನ್ ರೀಫ್‌ನ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಸೂರ್ಯ ಇಲ್ಲ, ಹಗಲು ಇಲ್ಲ. ಇರೋದು ಪಾಳಿ ಮಾತ್ರ. ಪಾಳಿಗೆ ಕರೆಯೋದು ಸೈರನ್. ತಮಿಳು ಮಾತಾಡೋರ ಬಾಯಲ್ಲಿ ಅದು 'ಸಂಗು'. ಸೈರನ್ನಿಗೆ ನೀನು-ನೀವು ಗೊತ್ತಿಲ್ಲ. ಅದು 'ಬಂದರೆ ಅನುಕೂಲ' ಅನ್ನೋದಿಲ್ಲ. ಕೂಗುತ್ತೆ, ನೀವು ಹೊರಡ್ತೀರಿ, ಅಷ್ಟೇ.

ಅದಕ್ಕೂ ಮೊದಲು ಬಂದದ್ದು ರೈಲಿನ ಗಡಿಯಾರ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ರೈಲು ಬಂತು. ದಾರಿಯಲ್ಲಿದ್ದ ಸ್ಟೇಷನ್ನಿಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಸೇರಿ ಬೌರಿಂಗ್‌ಪೇಟೆ ಆಯಿತು. ಈಗಿನ ಬಂಗಾರಪೇಟೆ ಅದೇ. ಆ ಕಾಲದಲ್ಲಿ ರೈಲು ಓಡ್ತಿದ್ದದ್ದು ಮದ್ರಾಸ್ ಟೈಮಿನಲ್ಲಿ. ಮದ್ರಾಸ್ ನಮಗಿಂತ ಪೂರ್ವಕ್ಕಿದೆ, ಅಲ್ಲಿ ಸೂರ್ಯ ಸುಮಾರು 8 ನಿಮಿಷ ಮೊದಲು ನೆತ್ತಿಗೆ ಬರ್ತಾನೆ. ಈಗ ಲೆಕ್ಕ ಹಾಕಿ. ತನ್ನ ಹೊಲದಲ್ಲಿ ನೆತ್ತಿ ಮೇಲಿನ ಸೂರ್ಯನನ್ನ ನೋಡಿ ಸರಿಯಾಗಿ ಮಧ್ಯಾಹ್ನಕ್ಕೆ ಸ್ಟೇಷನ್ನಿಗೆ ಬಂದ ರೈತ ರೈಲಿನ ಲೆಕ್ಕದಲ್ಲಿ 8 ನಿಮಿಷ ಲೇಟು. ಅವನು ತಡ ಮಾಡಿಲ್ಲ, ಸೂರ್ಯನೂ ತಡ ಮಾಡಿಲ್ಲ. ಮದ್ರಾಸಿನ ವೀಕ್ಷಣಾಲಯದ ಗಡಿಯಾರ ಅವನನ್ನ ಲೇಟ್ ಅಂತ ಘೋಷಿಸಿತು. 1906ರ ಜನವರಿ 1ಕ್ಕೆ ಭಾರತೀಯ ಸ್ಟ್ಯಾಂಡರ್ಡ್ ಟೈಮ್ ಬಂದಾಗ ಈ ವ್ಯತ್ಯಾಸ ಸುಮಾರು 17 ನಿಮಿಷಕ್ಕೆ ಏರಿತು.

ಇಡೀ ದೇಶಕ್ಕೆ ಒಂದೇ ಗಡಿಯಾರ ಬೇಕು, ಒಪ್ಪಿದೆ. ಇಲ್ಲದಿದ್ದರೆ ಒಂದೇ ಹಳಿಯ ಮೇಲೆ ಎರಡು ರೈಲು ಎದುರುಬದುರು ಬರ್ತಾವೆ. ಸರ್ವರ್‌ಗಳ ಟೈಮ್ ಸಿಂಕ್ ಆಗದೆ ಒದ್ದಾಡಿದ ನಮ್ಮಂಥವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಮಾತು ನೆನಪಿರಲಿ: ಯಾರು ಲೇಟು ಅನ್ನೋದು ಗಡಿಯಾರ ಯಾರ ಕೈಯಲ್ಲಿದೆ ಅನ್ನೋದರ ಮೇಲೆ ನಿಂತಿದೆ.

ಗಣಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1930ರಲ್ಲಿ ಕೆಜಿಎಫ್ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. ಕೆಲಸಗಾರರ ಬೆರಳಚ್ಚು ತೆಗೆದು ನೋಂದಣಿ ಮಾಡುವ ಪದ್ಧತಿಯ ವಿರುದ್ಧದ ಸಿಟ್ಟು ಅದು. ಆ ಕಾಲಕ್ಕೆ ಬೆರಳಚ್ಚು ಅಂದ್ರೆ ಪೊಲೀಸ್ ಠಾಣೆಯ ಸಾಮಾನು. ಭೂಮಿಯೊಳಗೆ ಇಳಿದು ಚಿನ್ನ ತೆಗೆಯೋ ಮನುಷ್ಯನನ್ನು ಕಳ್ಳನ ಹಾಗೆ ಗುರುತು ಹಾಕಿಕೊಂಡರೆ ಅವನಿಗೆ ಅವಮಾನ ಆಗದೇ ಇರುತ್ತಾ? ಆ ಗಣಿಗಳಿಂದ ಒಟ್ಟು 800 ಟನ್ನಿಗೂ ಹೆಚ್ಚು ಚಿನ್ನ ಹೋಯಿತು. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಗಣಿ ಮುಚ್ಚಿತು. ಇವತ್ತು ಅದೇ ಕಾಲೋನಿಗಳ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿನ ಟೆಕ್ ಪಾರ್ಕುಗಳ ಬಾಗಿಲಲ್ಲಿ ದಿನಾ ಬೆಳಗ್ಗೆ ಬೆರಳು ಒತ್ತಿ ಒಳಗೆ ಹೋಗ್ತಾರೆ. ನಾವೂ ಒತ್ತುತೀವಿ. ವ್ಯತ್ಯಾಸ ಏನಂದ್ರೆ, ನಮ್ಮಲ್ಲಿ ಬಹಳ ಜನಕ್ಕೆ ಆ ಬೆರಳು ಬಾಗಿಲು ತೆಗೆಯೋಕೆ ಮಾತ್ರ. ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಂಟೀನಿನವರಿಗೆ ಅದು ಆ ದಿನದ ಅನ್ನ ತೂಗುವ ತಕ್ಕಡಿ.

ಈಗ ಆ ರೈಲಿನ ಕಥೆಗೆ ಬರೋಣ. ಮಾರಿಕುಪ್ಪಂನಲ್ಲಿ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಟೇಕಲ್, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್, ಕೆ.ಆರ್. ಪುರ ಅಂತ ಬೆಂಗಳೂರಿಗೆ ಹೋಗುವ ದಾರಿ. ಸುಮಾರು 85 ಕಿಲೋಮೀಟರ್. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ಗೆ ಉಳಿದ ಜೀವನಾಡಿ ಇದೇ. ಬೆಳಗಿನ ರೈಲಲ್ಲಿ ಕೂರೋಕೆ ಜಾಗ ಸಿಕ್ಕರೆ ಅವತ್ತು ಅದೃಷ್ಟ. ಎಂಟು ಗಂಟೆ ಪಾಳಿಗೆ ಬರೋರು ಇನ್ನೂ ಕತ್ತಲಿರುವಾಗಲೇ ಎದ್ದು, ಅಡಿಗೆ ಮಾಡಿಟ್ಟು, ಡಬ್ಬಿ ಕಟ್ಟಿಕೊಂಡು ಹೊರಟಿರ್ತಾರೆ. ನಾವು ಎರಡನೇ ಸಲ ಅಲಾರಂ ಸ್ನೂಜ್ ಮಾಡುವ ಹೊತ್ತಿಗೆ ಅವರು ಮಾಲೂರು ದಾಟಿರ್ತಾರೆ.

ಇಷ್ಟು ಮುಂಚೆ ಹೊರಟ ಜನ ತಡ ಯಾಕೆ ಆಗ್ತಾರೆ? ಆ ದಾರಿಯಲ್ಲಿ ಓಡಾಡಿದವರಿಗೆ ಉತ್ತರ ಗೊತ್ತು: ಲೂಪ್ ಲೈನ್. ಒಂದೇ ಹಳಿಯಲ್ಲಿ ಹಿಂದಿನಿಂದ ಎಕ್ಸ್‌ಪ್ರೆಸ್ಸು ಬರ್ತಾ ಇದ್ರೆ ಮುಂದಿರೋ ಪ್ಯಾಸೆಂಜರ್ ಗಾಡಿಯನ್ನ ಯಾವುದಾದರೂ ಸ್ಟೇಷನ್ನಿನ ಪಕ್ಕದ ಹಳಿಗೆ ಹಾಕಿ ನಿಲ್ಲಿಸ್ತಾರೆ. ದೊಡ್ಡ ಗಾಡಿ ಧಡಧಡ ಅಂತ ಹೋಗುತ್ತೆ. ಇವರು ಕಿಟಕಿಯಿಂದ ನೋಡ್ತಾರೆ. 2022ರ ನವೆಂಬರಿನಿಂದ ಚೆನ್ನೈ-ಮೈಸೂರು ವಂದೇ ಭಾರತ್ ಕೂಡ ಈ ಹಾದಿಯಲ್ಲಿ ಓಡುತ್ತೆ, ಶತಾಬ್ದಿ ಮೊದಲಿಂದಲೂ ಇದೆ. ವೇಗದ ಗಾಡಿಗೆ ದಾರಿ ಬಿಡೋದು ರೈಲ್ವೆಯ ನಿಯಮ, ಯಾರ ದುರುದ್ದೇಶವೂ ಅಲ್ಲ. ಆದರೆ ಆ ಎಕ್ಸ್‌ಪ್ರೆಸ್ ಟೈಮಿಗೆ ಸರಿಯಾಗಿ ಬಂತು ಅಂತ ನಾವು ಹೊಗಳುವಾಗ ಅದರೊಳಗೆ ಪ್ಯಾಸೆಂಜರ್ ಗಾಡಿಯವರ ಹದಿನೈದು ನಿಮಿಷ ಸೇರಿದೆ. ಒಬ್ಬರ ಸಮಯಪಾಲನೆ ಬಹಳ ಸಲ ಇನ್ನೊಬ್ಬರ ಕಾಯುವಿಕೆಯಿಂದಲೇ ತಯಾರಾಗೋದು.

ಆಫೀಸಿನಲ್ಲೂ ಇದೇ ಲೂಪ್ ಲೈನ್ ಇದೆ. ನೀವು ಒಂಬತ್ತೂವರೆಗೆ ಬಂದಾಗ ಟೇಬಲ್ ಒರೆಸಿರುತ್ತೆ, ಬಾತ್‌ರೂಮ್ ತೊಳೆದಿರುತ್ತೆ, ಕಾಫಿ ಮಷಿನ್ನಿಗೆ ಹಾಲು ತುಂಬಿರುತ್ತೆ. ಅದೆಲ್ಲಾ ಆಗೋದು ಯಾರೋ ಏಳಕ್ಕೆ ಬಂದಿದ್ದಕ್ಕೆ. ಅವರು ಏಳಕ್ಕೆ ಬಂದದ್ದನ್ನ ಯಾರೂ ನೋಡೋದಿಲ್ಲ, ಏಳು ಇಪ್ಪತ್ತಕ್ಕೆ ಬಂದದ್ದನ್ನ ಮಾತ್ರ ಮಷಿನ್ ನೋಡುತ್ತೆ. ನಾವು ಹನ್ನೊಂದಕ್ಕೆ ಬಂದರೆ ಅದರ ಹೆಸರು 'ಫ್ಲೆಕ್ಸಿ'. ಮೀಟಿಂಗಿಗೆ ಹತ್ತು ನಿಮಿಷ ತಡವಾಗಿ ಬಂದು 'ಬ್ಯಾಕ್ ಟು ಬ್ಯಾಕ್ ಇತ್ತು, ಸಾರಿ ಗಾಯ್ಸ್' ಅಂದರೆ ಅದು ಬಿಝಿ ಇರೋದರ ಲಕ್ಷಣ. ಅದೇ ಕಾರಣ ಹೌಸ್‌ಕೀಪಿಂಗಿನ ಅಕ್ಕ ಹೇಳಿದರೆ? ಮೊದಲ ಮನೆಯ ಕೆಲಸ ಮುಗಿಸಿ ಎರಡನೇ ಮನೆಗೆ ಬರುವ ಹೆಂಗಸಿಗೂ ಇರೋದು ಬ್ಯಾಕ್ ಟು ಬ್ಯಾಕೇ ಅಲ್ವಾ ಸ್ವಾಮಿ?

ಇನ್ನು ಅತಿ ಮೇಲಿನವರ ತಡದ ಬಗ್ಗೆ ಕೇಳಲೇಬೇಡಿ. ಸರ್ಕಾರಿ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಎರಡು ಗಂಟೆ ತಡ. ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ ಶಾಲೆ ಮಕ್ಕಳು ಹೂವು ಹಿಡ್ಕೊಂಡು ಬಾಡ್ತಾ ಇರ್ತಾರೆ, ಹೂವೂ ಬಾಡ್ತಾ ಇರುತ್ತೆ. ಕೊನೆಗೆ ನಿರೂಪಕರು ಮೈಕಿನಲ್ಲಿ ಹೇಳೋದು: 'ತಮ್ಮ ಅಮೂಲ್ಯವಾದ ಸಮಯವನ್ನು ಬಿಡುವು ಮಾಡಿಕೊಂಡು ಬಂದಿರುವ...' ಯಾರ ಸಮಯ ಅಮೂಲ್ಯ ಅಂತ ಆ ಮಕ್ಕಳಿಗೆ ಅವತ್ತೇ ಪಾಠ ಆಗಿಹೋಗುತ್ತೆ. ಯಾವ ಪಠ್ಯಪುಸ್ತಕವೂ ಅಷ್ಟು ಚೆನ್ನಾಗಿ ಕಲಿಸೋದಿಲ್ಲ.

'ಇಂಡಿಯನ್ಸ್‌ಗೆ ಟೈಮ್ ಸೆನ್ಸ್ ಇಲ್ಲ, ಐಎಸ್‌ಟಿ ಅಂದ್ರೆ ಇಂಡಿಯನ್ ಸ್ಟ್ರೆಚಬಲ್ ಟೈಮ್' ಅನ್ನೋ ಹಳೇ ಜೋಕು ಇಲ್ಲಿ ಬಂದೇ ಬರುತ್ತೆ. ಸ್ಪ್ಯಾನಿಷ್ ಕಲಿಯೋರು ಒಂದು ವಿಷಯ ತಿಳ್ಕೊಳ್ಳಿ, ಅವರಲ್ಲೂ ಇದೇ ಜೋಕಿದೆ. ಪೆರುವಿನಲ್ಲಿ ತಡವಾಗಿ ಬರೋದಕ್ಕೆ 'ಓರಾ ಪೆರುವಾನಾ' ಅಂತಾರೆ, ಪೆರು ಟೈಮ್. ಕರಾರುವಾಕ್ಕಾಗಿ ಬಂದರೆ 'ಓರಾ ಇಂಗ್ಲೇಸಾ', ಇಂಗ್ಲಿಷ್ ಟೈಮ್. 2007ರ ಮಾರ್ಚ್ 1ರಂದು ಅಲ್ಲಿನ ಅಧ್ಯಕ್ಷ ಅಲಾನ್ ಗಾರ್ಸಿಯಾ ಸರ್ಕಾರ 'ಲಾ ಓರಾ ಸಿನ್ ದೆಮೋರಾ' ಅಂತ ಒಂದು ಅಭಿಯಾನವನ್ನೇ ಶುರು ಮಾಡಿತು. ತಡವಿಲ್ಲದ ಗಂಟೆ ಅಂತ ಅರ್ಥ. ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಕೂಗಿಸಿ, ಚರ್ಚಿನ ಗಂಟೆ ಬಾರಿಸಿ, ಎಲ್ಲರೂ ವಾಚು ಸರಿ ಮಾಡ್ಕೊಳ್ಳಿ ಅಂದರು. ಅಷ್ಟು ನಾಜೂಕಿನ ಭಾಷೆ ಇರುವ ಸರ್ಕಾರವೂ ತನ್ನ ಜನರನ್ನ ಹೊತ್ತಿಗೆ ಬರೋ ಹಾಗೆ ಮಾಡೋಕೆ ಹೊರಟಾಗ ಕೈಗೆತ್ತಿಕೊಂಡದ್ದು ಸೈರನ್ನನ್ನೇ ನೋಡಿ.

ನಮ್ಮ ಜನಕ್ಕೆ ಟೈಮ್ ಸೆನ್ಸ್ ಇಲ್ಲ ಅನ್ನೋದು ಶುದ್ಧ ಸುಳ್ಳು. ಮದುವೆ ಕಾರ್ಡಿನಲ್ಲಿ ಮುಹೂರ್ತವನ್ನ ನಿಮಿಷದ ಲೆಕ್ಕದಲ್ಲಿ ಅಚ್ಚು ಹಾಕಿಸೋರು ನಾವು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಅಂತ ಅಜ್ಜಿಗೆ ಬಾಯಿಪಾಠ. ಕರೆಂಟು ಬಂದ ಗಳಿಗೆಗೆ ಮಧ್ಯರಾತ್ರಿಯಲ್ಲೂ ಎದ್ದು ಮೋಟರ್ ಹಾಕಿದ ರೈತರ ಜಿಲ್ಲೆ ನಮ್ಮದು. ಬೋರಿನಲ್ಲಿ ನೀರು ಅರ್ಧ ಗಂಟೆ ಮಾತ್ರ ಬರುತ್ತೆ ಅಂತ ಗೊತ್ತಿರೋನಿಗೆ ನಿಮಿಷದ ಬೆಲೆ ಹೇಳಿಕೊಡೋಕೆ ಪವರ್‌ಪಾಯಿಂಟ್ ಬೇಕಾ? ಯಾವ ಹೊತ್ತು ತಮ್ಮ ಕೈಯಲ್ಲಿದೆಯೋ ಅದನ್ನ ಜನ ಚೆನ್ನಾಗೇ ಪಾಲಿಸ್ತಾರೆ. ತಮ್ಮ ಕೈಯಲ್ಲಿ ಇಲ್ಲದ ಹೊತ್ತಿಗೆ ಅವರನ್ನ ಹೊಣೆ ಮಾಡುವಾಗ ಮಾತ್ರ 'ಇಂಡಿಯನ್ಸೇ ಹೀಗೆ' ಅನ್ನೋ ಜೋಕು ಹೊರಗೆ ಬರುತ್ತೆ.

'ಹಾಗಾದ್ರೆ ಲೇಟಾಗಿ ಬರೋರನ್ನೆಲ್ಲಾ ಮುದ್ದು ಮಾಡ್ಬೇಕೇನಪ್ಪಾ?' ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಉತ್ತರ: ಬೇಡ. ತಡವಾಗಿ ಬರೋದರಿಂದ ಏಟು ಬೀಳೋದು ಬಹಳ ಸಲ ಕಂಪನಿಗಲ್ಲ, ಪಕ್ಕದವರಿಗೆ. ರಾತ್ರಿ ಪಾಳಿಯ ಸೆಕ್ಯುರಿಟಿಯವನು ಬೆಳಗ್ಗೆ ಮನೆಗೆ ಹೋಗಬೇಕಾದರೆ ಹಗಲು ಪಾಳಿಯವನು ಬರಬೇಕು. ಅವನು ಅರ್ಧ ಗಂಟೆ ತಡ ಮಾಡಿದರೆ ಇವನ ರೈಲು ತಪ್ಪುತ್ತೆ. ರೈಲು ತಪ್ಪಿದರೆ ಬಂಗಾರಪೇಟೆ ಸೇರೋದು ಮಧ್ಯಾಹ್ನಕ್ಕೆ, ಮಲಗೋದು ಮೂರು ಗಂಟೆ, ಮತ್ತೆ ರಾತ್ರಿ ಪಾಳಿಗೆ ಹೊರಡಬೇಕು. ಆದ್ದರಿಂದ ಹೊತ್ತಿಗೆ ಸರಿಯಾಗಿ ಬರೋದು ದೊಡ್ಡ ಗುಣವೇ. ಅದು ಕಾಯ್ತಾ ಇರೋ ಮನುಷ್ಯನಿಗೆ ನಾವು ಕೊಡುವ ಮರ್ಯಾದೆ. ಅದಕ್ಕೇ ನಾನು ಹೇಳ್ತಿರೋದು: ಮರ್ಯಾದೆಯನ್ನ ಕೇಳುವಾಗ ಬೈದು ಕೇಳೋದು ಯಾವ ಸೀಮೆ ನ್ಯಾಯ?

'ಬೈದರೇನೇ ಕೆಲಸ ಆಗೋದು, ಮೆತ್ತಗೆ ಹೇಳಿದ್ರೆ ತಲೆ ಮೇಲೆ ಕೂರ್ತಾರೆ' ಅನ್ನೋ ವಾದವೂ ಇದೆ. ಹಾಗಿದ್ದರೆ ಅದನ್ನ ಕ್ಲೈಂಟಿನ ಮೇಲೆ ಒಂದು ಸಲ ಪ್ರಯೋಗ ಮಾಡಿ ನೋಡೋಣ. 'ಏನ್ರೀ, ನಿಮ್ಮಪ್ಪನ ಮೀಟಿಂಗಾ ಇದು' ಅಂತ ಮೆಕ್ಸಿಕೋಗೆ ಒಂದು ಈಮೇಲ್ ಹೋಗಲಿ. ಹೋಗೋದಿಲ್ಲ, ಯಾಕಂದ್ರೆ ಅವರು ಪ್ರಾಜೆಕ್ಟ್ ವಾಪಸ್ ತಗೊಳ್ಳಬಹುದು. ಹೌಸ್‌ಕೀಪಿಂಗಿನ ಅಕ್ಕನ ಹತ್ತಿರ ವಾಪಸ್ ತಗೊಳ್ಳೋಕೆ ಏನೂ ಇಲ್ಲ. ಅಂದ್ರೆ ಬೈಗುಳಕ್ಕೆ ಕಾರಣ ಶಿಸ್ತು ಅಲ್ಲ, ಧೈರ್ಯ. ಎದುರು ಮಾತಾಡಲಾರದವರ ಮುಂದೆ ಎಲ್ಲರಿಗೂ ಬರುವ ಅಗ್ಗದ ಧೈರ್ಯ.

ಸರಿ, ಬೈದದ್ದಾಯಿತು, ಏನು ಮಾಡೋಣ? ನಾವು ಮಾಡಬಹುದಾದದ್ದು ಬಹಳ ಸಣ್ಣದು, ಆದರೆ ನಮ್ಮ ಕೈಯಲ್ಲೇ ಇದೆ.

ಒಂದು, ಯಾರಿಗಾದರೂ 'ಬೇಗ ಬನ್ನಿ' ಅನ್ನೋ ಮೊದಲು 'ಯಾವ ಗಾಡಿಗೆ ಬರ್ತೀರಿ?' ಅಂತ ಕೇಳಿ. ಪಾಳಿ ಶುರುವಾಗೋದು ಏಳಕ್ಕೆ, ಗಾಡಿ ಬರೋದು ಏಳಕ್ಕೆ ಐದು ನಿಮಿಷ ಇರುವಾಗ ಅಂದ್ರೆ ತಪ್ಪು ಮನುಷ್ಯನದಲ್ಲ, ರೋಸ್ಟರಿನದು. ರೋಸ್ಟರ್ ಬರೆಯೋದು ಒಂದು ಎಕ್ಸೆಲ್ ಶೀಟು. ಎಕ್ಸೆಲ್ ಶೀಟಿನ ಒಂದು ಅಂಕಣ ಬದಲಾಯಿಸೋಕೆ ನಮಗೆ ಬರುತ್ತೆ, ಅದಕ್ಕೇ ತಾನೇ ನಮಗೆ ಸಂಬಳ ಕೊಡೋದು?

ಎರಡು, ಏಜೆನ್ಸಿಯ ಜೊತೆ ಕರಾರು ಮಾಡುವಾಗ ನಿಮ್ಮ ಕಂಪನಿಯ ಅಡ್ಮಿನ್‌ನವರಿಗೆ ಒಂದು ಪ್ರಶ್ನೆ ಕಳಿಸಿ: ಹದಿನೈದು ನಿಮಿಷ ತಡಕ್ಕೆ ಎಷ್ಟು ಕಟ್ ಮಾಡ್ತಾರೆ? ನಮಗೆ ಫ್ಲೆಕ್ಸಿ ಇರುವಾಗ ನಮ್ಮ ಕಟ್ಟಡದಲ್ಲೇ ದುಡಿಯೋರಿಗೆ ಅರ್ಧ ದಿನದ ಕೂಲಿ ಯಾಕೆ ಹೋಗಬೇಕು? ಏಜೆನ್ಸಿಯ ಕೆಲಸ, ನಮಗೆ ಸಂಬಂಧ ಇಲ್ಲ ಅಂತಾರೆ. ಟೇಬಲ್ ನಮ್ಮದು, ಬಾತ್‌ರೂಮ್ ನಮ್ಮದು, ಸಂಬಂಧ ಮಾತ್ರ ಏಜೆನ್ಸಿಯದು ಅನ್ನೋ ಲೆಕ್ಕ ನನಗಂತೂ ಅರ್ಥ ಆಗಿಲ್ಲ. ಉತ್ತರ ಬರದೇ ಇರಬಹುದು. ಪ್ರಶ್ನೆ ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಕೊಡಲೇಬೇಕಾಗುತ್ತೆ.

ಮೂರು, ಮನೆಯಿಂದಲೇ ಶುರು ಮಾಡಿ. ಕೆಲಸದಾಕೆಗೆ, ಕ್ಯಾಬ್ ಡ್ರೈವರಿಗೆ, ಪಾರ್ಸೆಲ್ ತರುವ ಹುಡುಗನಿಗೆ 'ನ್ನಿ' ಹಚ್ಚಿ. 'ಎಲ್ಲಿದ್ದೀಯಾ?' ಬದಲು 'ಎಲ್ಲಿದ್ದೀರಾ?' ದುಡ್ಡು ಖರ್ಚಿಲ್ಲ. 'ನಾಳೆ ಎಂಟಕ್ಕೆ ಬಂದರೆ ನನಗೆ ತುಂಬಾ ಅನುಕೂಲ ಆಗ್ತಿತ್ತು ಅಕ್ಕಾ' ಅಂತ ಹೇಳಿ ನೋಡಿ. ಮೆಕ್ಸಿಕೋಗೆ ಕಳಿಸೋ ವಾಕ್ಯವೇ ಅದು, ಕನ್ನಡದಲ್ಲಿ ಇನ್ನೂ ಚೆನ್ನಾಗಿದೆ, ಕೊನೆಯಲ್ಲಿ ಒಬ್ಬಳು ಅಕ್ಕ ಇದ್ದಾಳೆ.

ನಾಲ್ಕು, ಮತ್ತು ಇದೇ ಕಷ್ಟದ್ದು: ನಾವು ಹೊತ್ತಿಗೆ ಸರಿಯಾಗಿ ಬರೋದು. ಮನೆ ಕೆಲಸದವರಿಗೆ ಒಂದನೇ ತಾರೀಖು ಅಂದರೆ ಒಂದನೇ ತಾರೀಖೇ ಸಂಬಳ ಕೊಡೋದು. 'ನಾಡಿದ್ದು ಕೊಡ್ತೀನಮ್ಮಾ, ಜಿಪೇ ವರ್ಕ್ ಆಗ್ತಿಲ್ಲ' ಅನ್ನೋದು ಕೂಡ ಲೇಟೇ. ಮೂರು ದಿನ ತಡವಾದ ಸಂಬಳಕ್ಕೆ ಯಾವ ಮಷಿನ್ನೂ ಬೀಪ್ ಅನ್ನಲ್ಲ, ನಮ್ಮ ಅರ್ಧ ದಿನ ಯಾರೂ ಕಟ್ ಮಾಡಲ್ಲ.

'ಸೆ ರುಯೇಗಾ ಪುಂತುವಾಲಿದಾದ್' ಕಲಿಯಿರಿ, ಖಂಡಿತ ಕಲಿಯಿರಿ. ಒಳ್ಳೆಯ ಮಾತದು, ನಾಲಿಗೆಗೂ ಚೆಂದ. ಕಲಿತ ಮೇಲೆ ಒಂದು ವಾರ ಒಂದು ಲೆಕ್ಕ ಇಟ್ಟು ನೋಡಿ: ಈ ವಾರ ಯಾರು ಯಾರಿಗೆ 'ಬೇಗ ಬನ್ನಿ' ಅಂದೆ, ಯಾರು ಯಾರಿಗೆ 'ಬೇಗ ಬಾ' ಅಂದೆ, ಯಾರನ್ನ ಎಷ್ಟು ಹೊತ್ತು ಕಾಯಿಸಿದೆ. ಎರಡನೇ ಪಟ್ಟಿಯಲ್ಲೂ ಮೂರನೇ ಪಟ್ಟಿಯಲ್ಲೂ ಇರೋದು ಅದೇ ಹೆಸರುಗಳಾದರೆ, ಪಾಠ ಇನ್ನೂ ಮುಗಿದಿಲ್ಲ ಅಂತ ತಿಳ್ಕೊಳ್ಳಿ. ಮುಂದಿನ ಕ್ಲಾಸು ನಾಳೆ ಬೆಳಗ್ಗೆ ಮಾರಿಕುಪ್ಪಂನಲ್ಲಿ ಹೊರಡುತ್ತೆ. ಹೊತ್ತಿಗೆ ಸರಿಯಾಗಿ ಬಂದರೆ ಅನುಕೂಲ.